ಕೈಗೆ ಗೊತ್ತಿದ್ದ ಪರದೆ

ಹೋದ ವರ್ಷ ಬೇಸಿಗೆಯಲ್ಲಿ ಅಮ್ಮ ಟೊರಾಂಟೋಗೆ ಬಂದಿದ್ದಳು. ಬಂದ ಮೂರನೇ ದಿನ ನಾನು ಆಫೀಸಿನಿಂದ ಮನೆಗೆ ಬಂದು ನೋಡ್ತೀನಿ, ಅಡುಗೆಮನೆ ಗುರುತೇ ಸಿಗ್ತಿಲ್ಲ. ಒಲೆಯ ಎಡಗಡೆ ಇದ್ದ ಡಬ್ಬಿಗಳೆಲ್ಲ ಬಲಗಡೆಗೆ, ಮೇಲಿನ ಶೆಲ್ಫಿನಲ್ಲಿದ್ದ ಬೇಳೆಕಾಳು ಕೆಳಗೆ, ಪ್ರತಿ ಡಬ್ಬಿಯ ಮೇಲೂ ಅಮ್ಮನ ದುಂಡು ಅಕ್ಷರದ ಚೀಟಿ. ನಿಜ ಹೇಳಬೇಕಂದ್ರೆ ಮೊದಲಿಗಿಂತ ಎಷ್ಟೋ ಒಪ್ಪವಾಗಿತ್ತು. ಮಾರನೇ ದಿನ ಬೆಳಿಗ್ಗೆ ನಿದ್ದೆಗಣ್ಣಲ್ಲೇ ಎದ್ದು ಹೋಗಿ ಫಿಲ್ಟರಿಗೆ ಎರಡು ಚಮಚ ಪುಡಿ ಹಾಕಿ ಬಿಸಿನೀರು ಸುರಿದೆ. ಘಮ್ಮಂತ ವಾಸನೆ ಬಂತು... ಕಾಫಿಯದಲ್ಲ, ಸಾರಿನ ಪುಡಿಯದು :)

"ಡಬ್ಬಿ ಮೇಲೆ ಬರ್ದಿದೀನಲ್ಲೋ, ಓದ್ಕೊಳ್ಳಕ್ಕೆ ಏನು ಕಷ್ಟ ನಿಂಗೆ?" ಅಂದಳು ಅಮ್ಮ.

ಓದೋಕೆ ಕಷ್ಟ ಏನಿಲ್ಲ. ಆದ್ರೆ ಬೆಳಿಗ್ಗೆ ಆರೂವರೆಗೆ ಕಾಫಿ ಮಾಡೋದು ಕಣ್ಣಲ್ಲ, ಕೈ. ಕೈಗೆ ಓದು ಬರಲ್ಲ.

ಇದನ್ನ ಅವತ್ತಿಗೆ ನಕ್ಕು ಮರೆತಿದ್ದೆ. ಮತ್ತೆ ನೆನಪಾಗಿದ್ದು ಆಫೀಸಿನಲ್ಲಿ. ನಾನು ಕೆಲಸ ಮಾಡೋ ಕಂಪನಿ (ಹೆಸರು ಬೇಡ ಬಿಡಿ) ಫೋಟೋ ಆಲ್ಬಮ್ ಜೋಡಿಸುವ ತಂತ್ರಾಂಶ ಮಾಡುತ್ತೆ. ಮದುವೆ ಫೋಟೋ ತೆಗೆಯೋ ಸಣ್ಣ ಸಣ್ಣ ಸ್ಟುಡಿಯೋದವರೇ ನಮ್ಮ ಗಿರಾಕಿಗಳು. ಒಂದೂವರೆ ವರ್ಷ ಕೂತು ಅದರ ಪರದೆಯನ್ನ ಪೂರ್ತಿ ಹೊಸದಾಗಿ ಮಾಡಿದೆವು. ಅದರಲ್ಲಿ ನಾನು ಬರೆದ ಕೋಡೂ ಸಾಕಷ್ಟಿದೆ. ಬಿಡುಗಡೆಯಾದ ಮೂರನೇ ದಿನ ಒಬ್ಬ ಹೆಂಗಸು ಬರೆದ ಪತ್ರ ನನ್ನ ಕಣ್ಣಿಗೆ ಬಿತ್ತು. ಸಾರಾಂಶ ಇಷ್ಟು: "ಹೊಸ ಪರದೆ ನೋಡೋಕೆ ಚಂದ ಇದೆ. ಆದರೆ ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದ ಆಲ್ಬಮ್‌ಗೆ ನಿನ್ನೆ ಮೂರು ಗಂಟೆ ಹಿಡಿಯಿತು. ಹಳೆಯ ಆಲ್ಬಮ್‌ಗಳಲ್ಲಿ ಅರ್ಧಕ್ಕರ್ಧ ತೆರೆಯುತ್ತಿಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿನ್ನೆ ಮೊದಲ ಸಲ, ನನಗೆ ಈ ಕೆಲಸ ಬರೋದಿಲ್ಲ ಅನ್ನಿಸಿತು."

ಮೀಟಿಂಗಿನಲ್ಲಿ ಇದನ್ನ ಓದಿದಾಗ ಒಬ್ಬರು ಅಂದರು, "ಜನಕ್ಕೆ ಬದಲಾವಣೆ ಅಂದ್ರೇನೇ ಆಗಲ್ಲ. ಎರಡು ವಾರ ಕೂಗಾಡ್ತಾರೆ, ಆಮೇಲೆ ಸುಮ್ಮನಾಗ್ತಾರೆ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದಮೇಲೆ ಯಾಕೋ ಸಮಾಧಾನ ಆಗಲಿಲ್ಲ. ನಿಜವಾಗ್ಲೂ ಜನಕ್ಕೆ ಬದಲಾವಣೆ ಆಗಲ್ವಾ? ನಮ್ಮ ತಂತ್ರಾಂಶದ ಲೋಕದಲ್ಲಿ ಇಂಥದ್ದು ಹಿಂದೆ ನಡೆದಾಗ ಏನಾಯ್ತು? ಹಾಗೆ ಹುಡುಕುತ್ತಾ ಹೋಗಿ ಸಿಕ್ಕಿದ್ದೇ ಫೈನಲ್ ಕಟ್ ಪ್ರೋ ಕತೆ. ಅದು ನಡೆದದ್ದು 2011ರಲ್ಲಿ, ನಾನಾಗ ಹೈಸ್ಕೂಲಿನಲ್ಲಿದ್ದೆ. ಹಾಗಾಗಿ ಇದು ಕಣ್ಣಾರೆ ಕಂಡದ್ದಲ್ಲ, ಓದಿ ತಿಳಿದದ್ದು. ಆದರೂ ಹೇಳಲೇಬೇಕು ಅನ್ನಿಸಿತು.

* * *

ಮೊದಲು ಸ್ವಲ್ಪ ಹಿನ್ನೆಲೆ. ಸಿನಿಮಾ ಎಡಿಟಿಂಗ್ ಅಂದ್ರೆ ಒಂದು ಕಾಲದಲ್ಲಿ ಅಕ್ಷರಶಃ ಕತ್ತರಿಸೋದು, ಅಂಟಿಸೋದು. ಮೂವಿಯೋಲಾದಂಥ ಯಂತ್ರದಲ್ಲಿ ಫಿಲ್ಮ್ ಓಡಿಸಿ ನೋಡಿ, ಬೇಕಾದ ಕಡೆ ತುಂಡು ಮಾಡಿ, ಟೇಪು ಹಚ್ಚಿ ಜೋಡಿಸುತ್ತಿದ್ದರು. 1989ರಲ್ಲಿ ಏವಿಡ್ ಕಂಪನಿಯ ಕಂಪ್ಯೂಟರ್ ಎಡಿಟಿಂಗ್ ಬಂತು. ವಾಲ್ಟರ್ ಮರ್ಚ್ ಅನ್ನೋ ಹಾಲಿವುಡ್ಡಿನ ದೊಡ್ಡ ಎಡಿಟರ್ 'ದಿ ಇಂಗ್ಲಿಷ್ ಪೇಶೆಂಟ್' (1996) ಚಿತ್ರವನ್ನು ಫಿಲ್ಮಿನ ಮೇಲೇ ಶುರುಮಾಡಿ, ನಡುವೆಯೇ ಏವಿಡ್‌ಗೆ ಬದಲಾಯಿಸಿಕೊಂಡರು. ಕಂಪ್ಯೂಟರಿನಲ್ಲಿ ಎಡಿಟ್ ಆಗಿ ಸಂಕಲನದ ಆಸ್ಕರ್ ಗೆದ್ದ ಮೊದಲ ಚಿತ್ರ ಅದೇ. ಆಗ ಅವರಿಗೆ ಐವತ್ತರ ಮೇಲೆ ವಯಸ್ಸು. ಮೂರು ದಶಕ ಕೈಯಲ್ಲಿ ಫಿಲ್ಮ್ ಹಿಡಿದ ಮನುಷ್ಯ! ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಏವಿಡ್ ಒಳ್ಳೆಯದೇ, ಆದರೆ ಇಡೀ ವ್ಯವಸ್ಥೆಗೆ ಹತ್ತಾರು ಸಾವಿರ ಡಾಲರ್ ಸುರೀಬೇಕಿತ್ತು. ಇಲ್ಲಿ ಬರ್ತಾನೆ ನಮ್ಮ ಕಥಾನಾಯಕ, ರ‍್ಯಾಂಡಿ ಯುಬಿಲೋಸ್. ಅಡೋಬಿ ಪ್ರೀಮಿಯರ್ ಅಂತ ಕೇಳಿರ್ತೀರಿ, 1991ರಲ್ಲಿ ಬಂದ ಅದರ ಮೊದಲ ಆವೃತ್ತಿ ಬರೆದವನು ಇವನೇ. ಆಮೇಲೆ ಮ್ಯಾಕ್ರೋಮೀಡಿಯಾ ಸೇರಿ ಅಲ್ಲಿ 'ಕೀಗ್ರಿಪ್' ಅನ್ನೋ ಹೆಸರಿನ ಹೊಸ ಎಡಿಟಿಂಗ್ ತಂತ್ರಾಂಶ ಶುರುಮಾಡಿದ. 1998ರಲ್ಲಿ ಆಪಲ್ ಅದನ್ನು, ಅದರ ತಂಡದ ಸಮೇತ, ಕೊಂಡುಕೊಂಡಿತು. 1999ರ ಏಪ್ರಿಲ್‌ನಲ್ಲಿ ಅದೇ ಫೈನಲ್ ಕಟ್ ಪ್ರೋ ಆಗಿ ಹೊರಬಂತು. ಬೆಲೆ 999 ಡಾಲರ್.

ಸಾಲ ಸೋಲ ಮಾಡಿ ಒಂದು ಮ್ಯಾಕ್ ಕೊಂಡರೆ ಮನೆಯಲ್ಲೇ ಎಡಿಟಿಂಗ್ ಅಂಗಡಿ ತೆರೆಯಬಹುದು ಅನ್ನೋ ಕಾಲ ಬಂತು. ಮದುವೆ ವಿಡಿಯೋದವರು, ಸಾಕ್ಷ್ಯಚಿತ್ರ ಮಾಡುವವರು, ಫಿಲ್ಮ್ ಸ್ಕೂಲಿನ ಹುಡುಗರು ಎಲ್ಲ ಇದನ್ನೇ ಕಲಿತರು. ದೊಡ್ಡವರೂ ಬಂದರು. ಅದೇ ವಾಲ್ಟರ್ ಮರ್ಚ್ 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು ಫೈನಲ್ ಕಟ್‌ನಲ್ಲಿ ಮಾಡಿದರು, ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. 2011ರ ಫೆಬ್ರವರಿಯಲ್ಲಿ 'ದಿ ಸೋಶಿಯಲ್ ನೆಟ್‌ವರ್ಕ್' ಚಿತ್ರಕ್ಕೆ ಕರ್ಕ್ ಬ್ಯಾಕ್ಸ್‌ಟರ್ ಮತ್ತು ಆಂಗಸ್ ವಾಲ್ ಸಂಕಲನದ ಆಸ್ಕರ್ ಗೆದ್ದರು. ಅದನ್ನು ಕತ್ತರಿಸಿದ್ದೂ ಫೈನಲ್ ಕಟ್‌ನಲ್ಲೇ. ಹನ್ನೆರಡು ವರ್ಷದಲ್ಲಿ 'ಬಡವರ ಏವಿಡ್' ಆಸ್ಕರ್ ವೇದಿಕೆಗೆ ಏರಿತ್ತು.

ಇದಾಗಿ ನಾಲ್ಕು ತಿಂಗಳಿಗೆ ಎಲ್ಲ ತಲೆಕೆಳಗಾಯಿತು.

* * *

ಆಪಲ್‌ಗೆ ಬೇರೆ ದಾರಿ ಇರಲಿಲ್ಲ ಅನ್ನೋದನ್ನ ಒಬ್ಬ ಇಂಜಿನಿಯರ್ ಆಗಿ ನಾನು ಒಪ್ಪಲೇಬೇಕು. 2009ರ ಜುಲೈನಲ್ಲಿ ಬಂದ ಫೈನಲ್ ಕಟ್ ಪ್ರೋ 7 ಒಳಗಿನಿಂದ ಹಳೇ ಮನೆ. 32 ಬಿಟ್‌ನ ತಂತ್ರಾಂಶ, ಅಂದರೆ ನಿಮ್ಮ ಕಂಪ್ಯೂಟರಿನಲ್ಲಿ 16 ಜಿಬಿ ಮೆಮೊರಿ ಇದ್ದರೂ ಅದಕ್ಕೆ 4 ಜಿಬಿಗಿಂತ ಹೆಚ್ಚು ಬಳಸಲು ಬರದು. ಅದು ನಿಂತಿದ್ದ ತಳಪಾಯ ಕಾರ್ಬನ್ ಅನ್ನೋ ಹಳೆಯ ಸಲಕರಣೆ. ಅದನ್ನು 64 ಬಿಟ್‌ಗೆ ತರುವ ಯೋಜನೆಯನ್ನು 2007ರಲ್ಲಿ ಆಪಲ್ ತಾನೇ ಕೈಬಿಟ್ಟಿತ್ತು. ಅಂದ್ರೆ ಸುಣ್ಣಬಣ್ಣ ಹೊಡೆದರೆ ಸಾಲದು, ಅಡಿಪಾಯದಿಂದ ಕಟ್ಟಬೇಕು.

ಅಡಿಪಾಯ ಹೊಸದಾಗಿ ಹಾಕುವಾಗ ಎರಡು ದಾರಿ ಇರುತ್ತೆ. ಒಂದು, ಒಳಗೆಲ್ಲ ಹೊಸದು ಮಾಡಿ ಹೊರಗಿನ ನಡುಮನೆ, ಅಡುಗೆಮನೆ ಹಾಗೇ ಉಳಿಸೋದು. ಅಡೋಬಿ 2010ರ ಪ್ರೀಮಿಯರ್ ಪ್ರೋ ಸಿಎಸ್5ರಲ್ಲಿ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ: ಒಳಗೆ 64 ಬಿಟ್, ಹೊರಗೆ ಗುರುತಿನ ಪರದೆ. ಇನ್ನೊಂದು, ಹೇಗೂ ಕೆಡವಿದ್ದೀವಿ, ಮನೆ ಅಂದ್ರೆ ಹೇಗಿರಬೇಕು ಅಂತಲೇ ಮೊದಲಿಂದ ಯೋಚಿಸೋಣ ಅನ್ನೋದು. ಆಪಲ್ ಎರಡನೇ ದಾರಿ ಹಿಡಿಯಿತು.

ಅದಕ್ಕೆ ಮುನ್ಸೂಚನೆ ಆಗಲೇ ಸಿಕ್ಕಿತ್ತು. 2007ರ ಆಗಸ್ಟ್‌ನಲ್ಲಿ ಐಮೂವಿ '08 ಬಂದಾಗ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಒಂದು ಕತೆ ಹೇಳಿದ್ದ. ನಮ್ಮ ಒಬ್ಬ ಪ್ರತಿಭಾವಂತ ಇಂಜಿನಿಯರ್ ರಜೆಗೆ ಹೋಗಿದ್ದ, ಅಲ್ಲಿ ತೆಗೆದ ವಿಡಿಯೋದಿಂದ ಅರ್ಧ ಗಂಟೆಯಲ್ಲಿ ಒಂದು ಪುಟ್ಟ ಸಿನಿಮಾ ಮಾಡೋಣ ಅಂದರೆ ಆಗಲಿಲ್ಲ, ಅದಕ್ಕೆ ಹೊಸ ತಂತ್ರಾಂಶವನ್ನೇ ಬರೆದ ಅಂತ. ಆ ಇಂಜಿನಿಯರ್ ಮತ್ಯಾರೂ ಅಲ್ಲ, ಯುಬಿಲೋಸ್. ಹೊಸ ಐಮೂವಿ ಚುರುಕಾಗಿತ್ತು, ಆದರೆ ಹಳೆಯದರ ಟೈಮ್‌ಲೈನ್ ಇರಲಿಲ್ಲ, ಎಷ್ಟೋ ಸೌಲಭ್ಯ ಮಾಯವಾಗಿತ್ತು. ಬಳಸುವವರು ಗಲಾಟೆ ಎಬ್ಬಿಸಿದರು. ಆಗ ಆಪಲ್ ಏನು ಮಾಡ್ತು ಗೊತ್ತಾ? ಹೊಸದನ್ನು ಕೊಂಡವರಿಗೆ ಹಳೆಯ ಐಮೂವಿ ಎಚ್‌ಡಿ 6 ಅನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ಎರಡೂ ಇಟ್ಟುಕೊಳ್ಳಿ, ಬೇಕಾದ್ದು ಬಳಸಿ ಅಂತ. 2009ರ ಐಮೂವಿಯಲ್ಲಿ ಬಿಟ್ಟುಹೋದ ಎಷ್ಟೋ ಸಂಗತಿಗಳು ವಾಪಸ್ ಬಂದವು. ಗಲಾಟೆ ತಣ್ಣಗಾಯಿತು.

ಈ ಪಾಠ ನಾಲ್ಕೇ ವರ್ಷದಲ್ಲಿ ಹೇಗೆ ಮರೆತುಹೋಯಿತೋ!

2011ರ ಏಪ್ರಿಲ್ 12ರಂದು ಲಾಸ್ ವೇಗಾಸ್‌ನಲ್ಲಿ ಎಡಿಟರ್‌ಗಳ ದೊಡ್ಡ ಸಭೆಯಲ್ಲಿ ಯುಬಿಲೋಸ್ ಹೊಸ ಫೈನಲ್ ಕಟ್ ಪ್ರೋ ಎಕ್ಸ್ ತೋರಿಸಿದ. (ಆ ಎಕ್ಸ್ ರೋಮನ್ ಹತ್ತು, ಆದ್ದರಿಂದ 'ಟೆನ್' ಅಂತ ಓದಬೇಕು ಅನ್ನೋದು ಆಪಲ್ ವಾದ. ಜನ ಎಕ್ಸ್ ಅಂತಲೇ ಅಂದರು.) ಸಭೆಯಲ್ಲಿದ್ದವರು ಚಪ್ಪಾಳೆ, ಕೇಕೆ ಹಾಕಿದರು. ಜೂನ್ 21ಕ್ಕೆ ಅದು 299.99 ಡಾಲರಿಗೆ ಮಾರಾಟಕ್ಕೆ ಬಂತು. ಅವತ್ತೇ ಫೈನಲ್ ಕಟ್ 7ರ ಮಾರಾಟ ನಿಂತಿತು. ಬಣ್ಣ ತಿದ್ದುವ ಕಲರ್, ಸದ್ದು ತಿದ್ದುವ ಸೌಂಡ್‌ಟ್ರ್ಯಾಕ್ ಪ್ರೋ, ಡಿವಿಡಿ ಸ್ಟುಡಿಯೋ ಪ್ರೋ ಎಲ್ಲವೂ ಅದರ ಜೊತೆಗೇ ಹೋದವು.

* * *

ಪರದೆಯಲ್ಲಿ ಏನು ಬದಲಾಗಿತ್ತು? ಎಡಿಟಿಂಗ್ ಗೊತ್ತಿಲ್ಲದವರಿಗೂ ಅರ್ಥವಾಗೋ ಹಾಗೆ ಹೇಳ್ತೀನಿ.

ಹಳೇ ಫೈನಲ್ ಕಟ್‌ನಲ್ಲಿ ಎರಡು ಕಿಟಕಿ. ಎಡದಲ್ಲಿ ಚಿತ್ರೀಕರಿಸಿ ತಂದ ಮೂಲ ತುಣುಕು, ಬಲದಲ್ಲಿ ನೀವು ಜೋಡಿಸುತ್ತಿರುವ ಸಿನಿಮಾ. ಹೊಸದರಲ್ಲಿ ಒಂದೇ ಕಿಟಕಿ, ಯಾವುದರ ಮೇಲೆ ಮೌಸ್ ಹರಿದಾಡಿಸಿದರೆ ಅದು ಕಾಣುತ್ತೆ. ಹಳೆಯದರಲ್ಲಿ ತುಣುಕುಗಳನ್ನು ವಿಂಗಡಿಸಿ 'ಬಿನ್' ಅನ್ನೋ ಕಡತಗಳಲ್ಲಿ ಹಾಕಿಡಬೇಕು. ಹೊಸದರಲ್ಲಿ 'ಈವೆಂಟ್', ಅದರೊಳಗೆ ಪ್ರತಿ ತುಣುಕಿಗೂ ಬೇಕಾದಷ್ಟು ಹೆಸರುಚೀಟಿ. ಹಳೆಯದರಲ್ಲಿ ಎರಡು ನಿಮಿಷಕ್ಕೊಮ್ಮೆ ಕೈ ತಾನಾಗಿ ಸೇವ್ ಒತ್ತುತ್ತಿತ್ತು. ಹೊಸದರಲ್ಲಿ ಸೇವ್ ಅನ್ನೋದೇ ಇಲ್ಲ, ಎಲ್ಲ ತಾನೇ ಉಳಿಯುತ್ತೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಟೈಮ್‌ಲೈನ್. ಹಳೆಯದು ಪುಸ್ತಕದ ಕಪಾಟಿನ ಹಾಗೆ. ಒಂದರ ಮೇಲೊಂದು ಸಾಲು, ಅದಕ್ಕೆ ಟ್ರ್ಯಾಕ್ ಅಂತಾರೆ. ಒಂದು ಪುಸ್ತಕ ಎತ್ತಿದರೆ ಆ ಜಾಗ ಖಾಲಿ ಉಳಿಯುತ್ತೆ, ಪಕ್ಕದ್ದು ಅಲ್ಲಾಡಲ್ಲ. ಹೊಸದು ಹೂವಿನ ಮಾಲೆ ಹಾಗೆ. ನಡುವಿನ ಒಂದು ಹೂ ತೆಗೆದರೆ ಉಳಿದವು ಸರಿದು ಕೂಡಿಕೊಳ್ಳುತ್ತವೆ. ಹೂವಿಗೆ ಸಿಕ್ಕಿಸಿದ ಎಲೆ, ಅಂದರೆ ಆ ದೃಶ್ಯಕ್ಕೆ ಅಂಟಿಸಿದ ಸದ್ದು ಅಥವಾ ಶೀರ್ಷಿಕೆ, ಹೂವಿನ ಜೊತೆಗೇ ಹೋಗುತ್ತೆ. ಇದಕ್ಕೆ 'ಮ್ಯಾಗ್ನೆಟಿಕ್ ಟೈಮ್‌ಲೈನ್' ಅಂತ ಹೆಸರು. ಒಂದು ಕಡೆ ಕತ್ತರಿಸಿದ್ದಕ್ಕೆ ಇನ್ನೊಂದು ಕಡೆ ಮಾತಿಗೂ ತುಟಿಗೂ ತಾಳೆ ತಪ್ಪೋದು ಎಡಿಟರ್‌ಗಳ ನಿತ್ಯದ ಗೋಳು. ಅದನ್ನ ತಪ್ಪಿಸೋ ಉಪಾಯ ಇದು. ಬುದ್ಧಿವಂತ ಉಪಾಯವೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹಳಬರಿಗೆ ಟ್ರ್ಯಾಕ್ ಅನ್ನೋದು ಬರೀ ಗೆರೆಯಲ್ಲ. ಸದ್ದಿನ ಮೊದಲೆರಡು ಸಾಲು ಮಾತಿಗೆ, ಮುಂದಿನೆರಡು ಸದ್ದುಗದ್ದಲಕ್ಕೆ, ಕೊನೆಯವು ಸಂಗೀತಕ್ಕೆ, ಹೀಗೆ ಅವರವರದೇ ಒಂದು ಕಟ್ಟಳೆ. ಮುಂದೆ ಸದ್ದು ಹದಮಾಡುವವನ ಕೈಗೆ ಕೆಲಸ ಒಪ್ಪಿಸುವಾಗ ಅವನೂ ಅದೇ ಸಾಲುಗಳನ್ನು ಹುಡುಕುತ್ತಾನೆ. ಹೊಸದರಲ್ಲಿ ಖಾಯಂ ಸಾಲುಗಳೇ ಇಲ್ಲ. ತುಣುಕುಗಳು ಜಾಗ ಸಿಕ್ಕ ಕಡೆ ಮೇಲೆ ಕೆಳಗೆ ಸರಿಯುತ್ತವೆ. ಕಟ್ಟಳೆ ಮಾಡಿಕೊಂಡವನಿಗೆ ಯಾರೋ ತನ್ನ ಮೇಜನ್ನು ಅಲ್ಲಾಡಿಸಿದ ಹಾಗೆ ಆಗುತ್ತೆ.

ಒಂದು ವಿಷಯ ಮಾತ್ರ ಗಮನಿಸಬೇಕು. ಜೆ, ಕೆ, ಎಲ್ ಕೀಲಿಗಳಿಂದ ಹಿಂದೆ, ನಿಲ್ಲು, ಮುಂದೆ. ಐ ಮತ್ತು ಓ ಕೀಲಿಯಿಂದ ತುಣುಕಿನ ಶುರು, ಕೊನೆ. ಬಿ ಅಂದರೆ ಬ್ಲೇಡು. ಇವನ್ನು ಹಾಗೇ ಬಿಟ್ಟಿದ್ದರು. ಪಿ ಒತ್ತಿದರೆ ಮಾಲೆ ಸರಿಯುವುದನ್ನು ನಿಲ್ಲಿಸಿ ಹಳೇ ಕಪಾಟಿನ ಹಾಗೆ ತುಣುಕನ್ನು ಬೇಕಾದಲ್ಲಿ ಇಡಬಹುದಿತ್ತು. ಅಂದರೆ ಕೈಯ ಬಗ್ಗೆ ಆಪಲ್‌ಗೆ ಪೂರಾ ಮರೆವು ಅಂತೇನಲ್ಲ. ಇಷ್ಟರಲ್ಲೇ ಇದ್ದಿದ್ದರೆ ಕತೆ ಬಹುಶಃ ಐಮೂವಿ ಹಾಗೇ ಮುಗೀತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೊಸ ಫೈನಲ್ ಕಟ್‌ನಲ್ಲಿ ಹಳೆಯ ಫೈನಲ್ ಕಟ್ 7ರ ಪ್ರಾಜೆಕ್ಟ್ ತೆರೆಯುತ್ತಿರಲಿಲ್ಲ. ಹತ್ತು ವರ್ಷ ಮಾಡಿದ ಕೆಲಸಕ್ಕೆ ಬೀಗ! ಹಲವು ಕ್ಯಾಮೆರಾಗಳಲ್ಲಿ ಒಟ್ಟಿಗೆ ತೆಗೆದದ್ದನ್ನು ಜೋಡಿಸುವ ಸೌಲಭ್ಯ ಇರಲಿಲ್ಲ. ಟಿವಿ ಚಾನೆಲ್‌ಗಳಿಗೆ ಕೊಡಲು ಟೇಪಿಗೆ ಇಳಿಸುವ ದಾರಿ ಇರಲಿಲ್ಲ. ದೊಡ್ಡ ಪ್ರಸಾರ ಮಾನಿಟರಿನಲ್ಲಿ ನೋಡುವ ಹಾಗಿಲ್ಲ. ಬಣ್ಣದವರಿಗೆ, ಸದ್ದಿನವರಿಗೆ ಕೆಲಸ ದಾಟಿಸಲು ಬೇಕಾದ ಇಡಿಎಲ್, ಓಎಂಎಫ್, ಎಕ್ಸ್‌ಎಂಎಲ್ ಯಾವುದೂ ಇಲ್ಲ. ಹೊಸ ಮನೆ ಚೆನ್ನಾಗಿದೆ, ಆದರೆ ಹಳೇ ಮನೆಯ ಸಾಮಾನು ತರುವ ಹಾಗಿಲ್ಲ, ಪಕ್ಕದ ಮನೆಗೆ ಹೋಗಲು ಬಾಗಿಲಿಲ್ಲ, ಹಳೇ ಮನೆ ಇವತ್ತೇ ಖಾಲಿ ಮಾಡಿ ಅಂದ ಹಾಗೆ.

ಗಲಾಟೆ ಎಷ್ಟರ ಮಟ್ಟಿಗೆ ಆಯ್ತು ಅಂದರೆ, ಅಮೆರಿಕದ ಕೊನನ್ ಓಬ್ರಿಯನ್ ಅವರ ಹಾಸ್ಯ ಕಾರ್ಯಕ್ರಮದ ಎಡಿಟರ್‌ಗಳು ಅದೇ ವಾರ ಇದನ್ನು ಗೇಲಿ ಮಾಡಿ ಒಂದು ತುಣುಕು ಪ್ರಸಾರ ಮಾಡಿದರು. ಒಂದು ತಂತ್ರಾಂಶದ ಹೊಸ ಆವೃತ್ತಿ ತಡರಾತ್ರಿ ಟಿವಿಯಲ್ಲಿ ನಗೆಪಾಟಲಾಗೋದು ಎಲ್ಲಾದ್ರೂ ಉಂಟೇ! 'ಐಮೂವಿ ಪ್ರೋ' ಅಂತ ಅಡ್ಡಹೆಸರು ಅಂಟಿತು. ಹಳೆಯದನ್ನು ವಾಪಸ್ ಕೊಡಿ ಅಂತ ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಆ ತಿಂಗಳ ಕೊನೆಗೆ ಆಪಲ್ ಪ್ರಶ್ನೋತ್ತರ ಹೊರಡಿಸಿ ಕೆಲವು ಸೌಲಭ್ಯ ಮುಂದೆ ಬರುತ್ತವೆ, ಹಳೆಯ ಪ್ರಾಜೆಕ್ಟುಗಳನ್ನು ಮಾತ್ರ ನಷ್ಟವಿಲ್ಲದೆ ತರಲಾಗದು ಅಂತ ಒಪ್ಪಿಕೊಂಡಿತು. ಅಡೋಬಿ ಇದೇ ಸಮಯ ನೋಡಿ, ಫೈನಲ್ ಕಟ್ ಬಿಟ್ಟು ಬರುವವರಿಗೆ ಅರ್ಧ ಬೆಲೆ ಅಂತ ಸಾರಿತು.

* * *

ಈಗ ಆ ಮೀಟಿಂಗಿನ ಮಾತಿಗೆ ಬರೋಣ. "ಜನಕ್ಕೆ ಬದಲಾವಣೆ ಅಂದ್ರೇನೇ ಆಗಲ್ಲ."

ಆಗಲ್ಲ ಅನ್ನೋದಾದ್ರೆ, ಫಿಲ್ಮು ಬಿಟ್ಟು ಏವಿಡ್‌ಗೆ, ಏವಿಡ್ ಬಿಟ್ಟು ಫೈನಲ್ ಕಟ್‌ಗೆ ಹೋದವರು ಯಾರು? ಕತ್ತರಿ, ಟೇಪು ಬಿಟ್ಟು ಮೌಸ್ ಹಿಡಿಯೋದಕ್ಕಿಂತ ದೊಡ್ಡ ಬದಲಾವಣೆ ಇದೆಯಾ? ಹೊಸದು ಕಲಿಯೋಕೆ ಅವರಿಗೆ ಸೋಮಾರಿತನ ಇದ್ದಿದ್ದರೆ ಫೈನಲ್ ಕಟ್ ಮೊದಲ ಆವೃತ್ತಿಯನ್ನೇ ಯಾರೂ ಮುಟ್ಟುತ್ತಿರಲಿಲ್ಲ. 2011ರಲ್ಲಿ ಸಿಟ್ಟಾದವರು ಏನು ಮಾಡಿದರು ನೋಡಿ. ಬಹಳ ಜನ ಪ್ರೀಮಿಯರ್ ಕಲಿತರು. ಅದೂ ಅವರಿಗೆ ಬೇರೆಯದೇ ತಂತ್ರಾಂಶ. ಆದರೆ ಅಲ್ಲಿ ಎರಡು ಕಿಟಕಿ ಇತ್ತು, ಟ್ರ್ಯಾಕ್ ಇತ್ತು, ಫೈನಲ್ ಕಟ್ 7ರ ಕೀಲಿಗಳನ್ನೇ ಆರಿಸಿಕೊಳ್ಳುವ ಸೌಲಭ್ಯ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಫೈನಲ್ ಕಟ್ 7ರಿಂದ ಎಕ್ಸ್‌ಎಂಎಲ್ ಹೊರತೆಗೆದು ಅಲ್ಲಿ ತೆರೆಯಬಹುದಿತ್ತು. ಅಂದರೆ ಫೈನಲ್ ಕಟ್‌ನ ಹಳೇ ಕೆಲಸ ಹೊಸ ಫೈನಲ್ ಕಟ್‌ನಲ್ಲಿ ತೆರೆಯದು, ಎದುರಾಳಿಯ ಪ್ರೀಮಿಯರ್‌ನಲ್ಲಿ ತೆರೆಯುತ್ತೆ! ಯುಬಿಲೋಸ್‌ನ ಎರಡನೇ ಮಗುವಿನ ಮೇಲೆ ಮುನಿಸಿಕೊಂಡವರು ಅವನ ಮೊದಲ ಮಗುವಿನ ಮನೆಗೆ ಹೋದರು. 'ದಿ ಸೋಶಿಯಲ್ ನೆಟ್‌ವರ್ಕ್'ಗೆ ಆಸ್ಕರ್ ಗೆದ್ದಿದ್ದ ಅದೇ ಕರ್ಕ್ ಬ್ಯಾಕ್ಸ್‌ಟರ್ 2014ರ 'ಗಾನ್ ಗರ್ಲ್' ಚಿತ್ರವನ್ನು ಕತ್ತರಿಸಿದ್ದು ಪ್ರೀಮಿಯರ್‌ನಲ್ಲಿ.

ಹಾಗಾಗಿ ನನಗನ್ನಿಸೋದು ಇಷ್ಟು. ಅವತ್ತಿನ ಗಲಾಟೆಯಲ್ಲಿ ಎರಡು ಬೇರೆ ಬೇರೆ ದೂರು ಬೆರೆತಿದ್ದವು. ಒಂದು ಕೈಯ ದೂರು: ಗುಂಡಿ ಜಾಗ ಬದಲಾಗಿದೆ, ಮಾಲೆ ಸರಿಯುತ್ತೆ, ಕಪಾಟು ಎಲ್ಲಿ? ಇದಕ್ಕೆ ಮದ್ದು ಕಾಲ. ಇನ್ನೊಂದು ಗೋಡೆಯ ದೂರು: ನಿನ್ನೆಯ ಕೆಲಸ ಇವತ್ತು ತೆರೆಯಲ್ಲ, ನಾಳೆ ಗಿರಾಕಿಗೆ ಒಪ್ಪಿಸೋ ದಾರಿ ಇಲ್ಲ, ವಾಪಸ್ ಹೋಗೋಣ ಅಂದರೆ ಹಿಂದಿನ ಬಾಗಿಲಿಗೂ ಚಿಲಕ. ಇದಕ್ಕೆ ಕಾಲ ಮದ್ದಲ್ಲ, ಕಟ್ಟಿದವರೇ ಬಂದು ಗೋಡೆ ಒಡೆಯಬೇಕು. ತಂತ್ರಾಂಶ ಮಾಡೋ ನಾವು ಏನು ಮಾಡ್ತೀವಿ ಅಂದ್ರೆ, ಎರಡನೇ ದೂರನ್ನೂ ಮೊದಲನೆಯದರ ಲೆಕ್ಕಕ್ಕೇ ಬರೆದು "ಅಭ್ಯಾಸ ಆಗುತ್ತೆ ಬಿಡಿ" ಅಂತ ಕೈತೊಳೆದುಕೊಳ್ತೀವಿ.

ಆಪಲ್ ನಿಧಾನಕ್ಕೆ ಗೋಡೆ ಒಡೆಯಿತು ಅನ್ನೋದನ್ನೂ ಹೇಳಬೇಕು. ಆ ಸೆಪ್ಟೆಂಬರಿನಲ್ಲೇ ಎಕ್ಸ್‌ಎಂಎಲ್ ಬಂತು. ಮಾತು, ಸದ್ದು, ಸಂಗೀತಗಳನ್ನು ಗುರುತಿಸುವ 'ರೋಲ್ಸ್' ಬಂತು, ಅಂದರೆ ಟ್ರ್ಯಾಕ್ ಮಾಡುತ್ತಿದ್ದ ಕೆಲಸವನ್ನು ಬೇರೆ ರೀತಿ ಮಾಡುವ ದಾರಿ. ಹಳೇ 7ನ್ನು ಕೂಡ ಸ್ವಲ್ಪ ಕಾಲ ಫೋನ್ ಮಾಡಿ ಕೇಳಿದವರಿಗೆ ಮಾರಿದರು. 2012ರ ಜನವರಿಯಲ್ಲಿ ಹಲವು ಕ್ಯಾಮೆರಾ ಜೋಡಿಸುವ ಸೌಲಭ್ಯ ಬಂತು, ಹಳೆಯದಕ್ಕಿಂತ ಚೆನ್ನಾಗಿಯೇ ಬಂತು. ಹಳೆಯ ಪ್ರಾಜೆಕ್ಟ್ ತರಲು '7ಟುಎಕ್ಸ್' ಅನ್ನೋ ಪುಟ್ಟ ತಂತ್ರಾಂಶವನ್ನು ಅದೇ ವರ್ಷ ಹೊರಗಿನವರು ಮಾಡಿದರು. 2015ರಲ್ಲಿ ವಿಲ್ ಸ್ಮಿತ್ ನಟಿಸಿದ 'ಫೋಕಸ್' ಪೂರ್ತಿ ಈ ಹೊಸ ಫೈನಲ್ ಕಟ್‌ನಲ್ಲೇ ಆಯಿತು. ಅದೇ ವರ್ಷ ಯುಬಿಲೋಸ್ ಆಪಲ್‌ನಿಂದ ನಿವೃತ್ತನಾದ. 2020ರಲ್ಲಿ ಹೆಸರಿನಿಂದ 'ಎಕ್ಸ್' ಬಿತ್ತು, 2024ರ ನವೆಂಬರಿನಲ್ಲಿ ಫೈನಲ್ ಕಟ್ ಪ್ರೋ 11 ಬಂತು. ಹತ್ತರಿಂದ ಹನ್ನೊಂದಕ್ಕೆ ಹೋಗಲು ಹದಿಮೂರು ವರ್ಷ! ಮ್ಯಾಗ್ನೆಟಿಕ್ ಟೈಮ್‌ಲೈನ್ ಈಗಲೂ ಇದೆ. ಅದರಲ್ಲೇ ಎಡಿಟಿಂಗ್ ಕಲಿತವರಿಗೆ ಟ್ರ್ಯಾಕ್ ಅಂದರೇನೇ ಕಿರಿಕಿರಿ. ಅವರ ಕೈಗೆ ಗೊತ್ತಿರೋದು ಮಾಲೆ.

ಅಂದಮೇಲೆ ಯುಬಿಲೋಸ್ ಗೆದ್ದನೋ ಸೋತನೋ? ಉಪಾಯ ಗೆದ್ದಿತು, ತಂದ ರೀತಿ ಸೋತಿತು. ಆ ಆರೇಳು ತಿಂಗಳಲ್ಲಿ ಹೋದವರಲ್ಲಿ ಬಹಳ ಜನ ತಿರುಗಿ ಬರಲೇ ಇಲ್ಲ.

ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಇನ್ನೊಬ್ಬ ಮನುಷ್ಯ ಇದ್ದಾನೆ. ಕೊರಿಯಾದ ಎಡಿಟರ್ ಯಾಂಗ್ ಜಿನ್‌ಮೋ. ಅವನು ಪ್ರೀಮಿಯರ್‌ಗೂ ಹೋಗಲಿಲ್ಲ, ಹೊಸ ಫೈನಲ್ ಕಟ್‌ಗೂ ಬರಲಿಲ್ಲ. ಹಳೇ 7ರಲ್ಲೇ ಉಳಿದುಕೊಂಡ, ಕೈಗೆ ಅದೇ ಒಗ್ಗಿದೆ ಅಂತ. ಮಾರಾಟ ನಿಂತು ಎಷ್ಟೋ ವರ್ಷ ಆಗಿತ್ತು. 2017ರ ಮ್ಯಾಕ್ ಓಎಸ್ ಹೈ ಸಿಯೆರಾದಿಂದ ಮುಂದಕ್ಕೆ ಅದು ನಡೆಯುತ್ತಲೂ ಇರಲಿಲ್ಲ. ಅಂದರೆ ಹಳೇ ಕಂಪ್ಯೂಟರನ್ನೇ ಜೋಪಾನ ಮಾಡಿಟ್ಟುಕೊಂಡು ಕೆಲಸ ಮಾಡಬೇಕು. ಹಾಗೆ ಅವನು ಎಡಿಟ್ ಮಾಡಿದ ಚಿತ್ರ 'ಪ್ಯಾರಾಸೈಟ್'. 2020ರ ಫೆಬ್ರವರಿಯಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತಲ್ಲ, ಅದೇ. ಸಂಕಲನಕ್ಕೂ ನಾಮನಿರ್ದೇಶನವಾಗಿತ್ತು. ಹತ್ತು ವರ್ಷ ಹಳೆಯ, ಕಂಪನಿಯೇ ಕೈಬಿಟ್ಟ ಪರದೆಯ ಮೇಲೆ! ಹಳೆಯದೇ ಒಳ್ಳೆಯದು ಅಂತ ಇದರ ಅರ್ಥವಲ್ಲ. ಆ ಪರದೆಯಲ್ಲಿ ಅವನಿಗೆ ಗುಂಡಿ ಹುಡುಕೋ ಕೆಲಸ ಇರಲಿಲ್ಲ, ಪೂರ್ತಿ ತಲೆ ಸಿನಿಮಾದ ಮೇಲಿತ್ತು, ಅಷ್ಟೇ. ನಮ್ಮ ಗಿರಾಕಿ ಹೆಂಗಸು ಬರೆದಿದ್ದೂ ಇದನ್ನೇ ಅಲ್ವಾ? ಅವಳಿಗೆ ಕೆಲಸ ಮರೆತುಹೋಗಿರಲಿಲ್ಲ. ಕೈಯಲ್ಲಿದ್ದ ಕೆಲಸವನ್ನು ನಾವು ಮತ್ತೆ ತಲೆಗೆ ಹೊರಿಸಿದ್ದೆವು.

* * *

ಮುಂದಿನ ಮೀಟಿಂಗಿನಲ್ಲಿ ಇದನ್ನೆಲ್ಲ ಹೇಳಿದೆ. ಇಷ್ಟು ಉದ್ದಕ್ಕಲ್ಲ ಬಿಡಿ :) ಮೂರು ವಿಷಯ ಕೇಳಿದೆ. ಹಳೇ ಆಲ್ಬಮ್‌ಗಳೆಲ್ಲ ಹೊಸದರಲ್ಲಿ ತೆರೆಯಬೇಕು, ಇದು ಮೊದಲ ಕೆಲಸ. ಹಳೇ ಕೀಲಿಗಳನ್ನೇ ಇಟ್ಟುಕೊಳ್ಳುವ ಆಯ್ಕೆ ಕೊಡಬೇಕು. ಒಂದು ವರ್ಷ ಹಳೇ ಪರದೆಗೆ ವಾಪಸ್ ಹೋಗುವ ಗುಂಡಿ ಇರಬೇಕು. "ಎರಡು ಪರದೆ ನೋಡ್ಕೊಳ್ಳೋಕೆ ಜನ ಎಲ್ಲಿದ್ದಾರೆ?" ಅಂದರು ಮ್ಯಾನೇಜರ್. ನ್ಯಾಯವಾದ ಪ್ರಶ್ನೆಯೇ. ಎಳೆದಾಡಿ ಕೊನೆಗೆ ಮೊದಲೆರಡು ಒಪ್ಪಿದರು, ಮೂರನೆಯದಕ್ಕೆ ಆರು ತಿಂಗಳು ಅಂದರು. ಆ ಆರು ತಿಂಗಳ ದುರಸ್ತಿ ಕೆಲಸ ಯಾರ ತಲೆಗೆ ಬಂತು ಅಂತ ನೀವು ಊಹಿಸಬಹುದು.

ಆ ಹೆಂಗಸಿಗೆ ನಾನೇ ಉತ್ತರ ಬರೆದೆ, ಹಳೇ ಪರದೆಗೆ ಹೋಗೋದು ಹೇಗೆ ಅಂತ. ಒಂದೇ ಸಾಲಿನ ಮರುಪತ್ರ ಬಂತು: "ಇವತ್ತು ಹೊತ್ತಿಗೆ ಸರಿಯಾಗಿ ಮನೆಗೆ ಹೋದೆ." ಮೊನ್ನೆ ನೋಡಿದರೆ ಅವಳು ಹೊಸ ಪರದೆಯಲ್ಲೇ ಕೆಲಸ ಮಾಡ್ತಿದ್ದಾಳೆ, ಹಳೇ ಕೀಲಿಗಳನ್ನ ಇಟ್ಟುಕೊಂಡು. ಯಾರೂ ತಳ್ಳಲಿಲ್ಲ, ತಾನಾಗೇ ಬಂದಳು.

ಅಂದಹಾಗೆ ಅಡುಗೆಮನೆ ವಿಷಯ ಅರ್ಧಕ್ಕೇ ಬಿಟ್ಟೆ. ಅಮ್ಮ ಊರಿಗೆ ವಾಪಸ್ ಹೋಗಿ ಎಷ್ಟೋ ತಿಂಗಳಾಯ್ತು. ಡಬ್ಬಿಗಳು ಈಗಲೂ ಅವಳು ಇಟ್ಟ ಜಾಗದಲ್ಲೇ ಇವೆ, ನನ್ನ ಕೈಗೂ ಅಭ್ಯಾಸವಾಗಿದೆ. ಆದರೆ ಆ ಸಾರಿನಪುಡಿ ಕಾಫಿಯ ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಹೋಗಿ ಕೈ ಚಾಚಿದರೆ, ಕಾಫಿಪುಡಿ ಡಬ್ಬಿ ಒಲೆಯ ಎಡಗಡೆ, ಅದರ ಹಳೇ ಜಾಗದಲ್ಲೇ ಇತ್ತು. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ.